ಅಜ್ಜಿ ಒಂದಕ್ಕೆ ಹೋದ್ರಾ?

ಸೂರತ್ ಬಳಿಯ ಹಜೀರಾದ ಕಾರ್ಖಾನೆಯೊಂದರಲ್ಲಿ ನಾನು ವೈದ್ಯಾಧಿಕಾರಿಯಾಗಿದ್ದ ಕೊನೆಯ ವರ್ಷ. ಜುಲೈ ತಿಂಗಳ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಗ್ಯಾಸ್ ಸೋರಿಕೆಯ ಸೈರನ್ ಕೂಗಿತು. ಕಿಟಕಿ ಬಾಗಿಲು ಮುಚ್ಚಿ, ‘ಆಲ್ ಕ್ಲಿಯರ್’ ಬರುವವರೆಗೆ ಇದ್ದಲ್ಲೇ ಇರಬೇಕೆಂಬುದು ನಿಯಮ. ಮೆಡಿಕಲ್ ಸೆಂಟರಿನಲ್ಲಿ ನನ್ನೊಡನೆ ಸಿಕ್ಕಿಬಿದ್ದವರಲ್ಲಿ ಹಾಸನದ ಇಂಜಿನಿಯರ್ ಮಂಜುನಾಥ್ ಒಬ್ಬರು. ತಾಯಿಗೆ ಬೆಳಗಿನಿಂದ ಭೇದಿಯೆಂದು ಔಷಧಿಗೆ ಬಂದಿದ್ದರು. ಎರಡು ಕಿಲೋಮೀಟರ್ ಆಚೆ ಕಾಲೊನಿಯ ಮನೆಯಲ್ಲಿ ತಾಯಿ ಗೌರಮ್ಮ, ಹನ್ನೆರಡರ ಮಗಳು ದಿಯಾ ಇಬ್ಬರೇ. ಗಾಳಿ ಆ ಕಡೆಗಿರಲಿಲ್ಲ, ಅದೊಂದೇ ಸಮಾಧಾನ.

ಸೋಂಕು ತಗುಲಿದ ಕರುಳು ನೀರನ್ನು ಹೀರಿಕೊಳ್ಳುವುದಿರಲಿ, ಮೈಯಲ್ಲಿರುವ ನೀರು, ಉಪ್ಪನ್ನೂ ಹೊರಗೆ ಸುರಿಯುತ್ತದೆ. ಇದೇ ಡಿಹೈಡ್ರೇಶನ್. ಆಗ ಕಿಡ್ನಿಗಳು ಇದ್ದಷ್ಟು ನೀರನ್ನು ಹಿಡಿದಿಟ್ಟು ಮೂತ್ರ ನಿಲ್ಲಿಸುತ್ತವೆ. ಹಾಗಾಗಿ ದಿಯಾಳಿಗೆ ಫೋನ್ ಮಾಡಿದಾಗ ನನ್ನ ಮೊದಲ ಪ್ರಶ್ನೆ ಅದೇ ಆಗಿತ್ತು.

“ಅಜ್ಜಿ ಒಂದಕ್ಕೆ ಹೋದ್ರಾ ಪುಟ್ಟಾ?”

“ಹೋದ್ರು ಅಂಕಲ್.”

ಸದ್ಯ, ಬದುಕಿದೆವು ಎಂದುಕೊಂಡೆ. ಒಂದು ಲೀಟರ್ ನೀರಿಗೆ ಮನೆಯಲ್ಲಿದ್ದ ಒಂದು ಪ್ಯಾಕೆಟ್ ಓಆರ್‌ಎಸ್ ಬೆರೆಸಿ ಗುಟುಕು ಗುಟುಕಾಗಿ ಕುಡಿಸಲು ಹೇಳಿದೆ. ಮಂಜುನಾಥ್ ಆಂಬುಲೆನ್ಸ್ ಕರೆಸೋಣ ಎಂದರೆ, “ಸುಮ್ನೆ ಗಾಬರಿ ಆಗ್ಬೇಡ್ರೀ” ಎಂದು ಗದರಿದೆ.

ಹನ್ನೆರಡಕ್ಕೆ ಮತ್ತೆ ಫೋನ್ ಮಾಡಿ ಅದನ್ನೇ ಕೇಳಿದೆ.

“ಒಂದಕ್ಕೆ ಅಲ್ಲ ಅಂಕಲ್, ಇಲೆವೆನ್‌ಕ್ಕೆ ಹೋದ್ರು!”

‘ಒಂದಕ್ಕೆ’ ಎಂದರೆ ಮೂತ್ರವೆಂದು ಅವಳಿಗೆ ಗೊತ್ತೇ ಇರಲಿಲ್ಲ. ಸೂರತ್ತಿನಲ್ಲೇ ಬೆಳೆದ ಹುಡುಗಿ ಎಷ್ಟು ಸಲ ಭೇದಿಯಾಯಿತೆಂದು ಲೆಕ್ಕ ಕೊಡುತ್ತಿದ್ದಳು. ಅಜ್ಜಿ ಮೂತ್ರ ಮಾಡಿದ್ದು ಯಾವಾಗ ಎಂದು ಹಿಂದಿಯಲ್ಲಿ ಕೇಳಿದೆ: “ಬೇಟಾ, ದಾದಿನೇ ಪೇಶಾಬ್ ಕಬ್ ಕಿಯಾ?”

“ಸುಬಹ್ ಸೇ ನಹೀಂ ಕಿಯಾ.” ಬೆಳಗಿನಿಂದ ಮಾಡಿಯೇ ಇಲ್ಲ!

ಆಂಬುಲೆನ್ಸಿಗೂ ಪಕ್ಕದ ಮನೆಯ ಹಂಸಾಬೆನ್‌ಗೂ ಫೋನ್ ಮಾಡಿದೆ. ಮಂಜುನಾಥ್ ಬಾಗಿಲ ಚಿಲಕಕ್ಕೆ ಕೈ ಹಾಕಿದರು. “ಬಿಡಿ ಡಾಕ್ಟ್ರೇ, ಓಡಿ ಹೋಗ್ತೀನಿ. ಅವ್ವ ಅಲ್ಲಿ ಸಾಯ್ತಿದ್ದಾಳೆ.” ಬಾಗಿಲು ತೆರೆದರೆ ಗ್ಯಾಸ್ ನುಗ್ಗಬಹುದಿತ್ತು, ಒಳಗೆ ಒಂಬತ್ತು ಜನರಿದ್ದರು. ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ನನ್ನ ತಪ್ಪಿಗೆ ಅವರನ್ನು ತಡೆದು ನಿಲ್ಲಿಸಿದಂತಾಗಿತ್ತು. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಗೌರಮ್ಮನವರನ್ನು ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿದರೆಂಬ ಸುದ್ದಿ ಬಂದದ್ದು ಒಂದೂವರೆಗೆ. ನಮ್ಮ ಬಾಗಿಲು ತೆರೆದದ್ದು ಮೂರಕ್ಕೆ.

ಎರಡು ದಿನ ಕಳೆದು ಆಸ್ಪತ್ರೆಗೆ ಹೋದಾಗ ಗೌರಮ್ಮ ಎದ್ದು ಕೂತಿದ್ದರು. ಮೊಮ್ಮಗಳ ಕನ್ನಡದಿಂದ ಹೀಗಾಯಿತೆಂದು ನಾನು ವಿವರಿಸಲು ಹೊರಟೆ. ಅವರು ನನ್ನನ್ನೇ ನೋಡುತ್ತ ಹೇಳಿದ ಮಾತನ್ನು ಯಾವ ಮೆಡಿಕಲ್ ಕಾಲೇಜೂ ನನಗೆ ಕಲಿಸಿರಲಿಲ್ಲ:

“ಮಗೀನ ಯಾಕಪ್ಪಾ ಅಂತೀಯ? ನಾನು ಪಕ್ಕದಲ್ಲೇ ಮಲಗಿದ್ದೆ. ಅಜ್ಜಿ ಕೈಗೆ ಫೋನ್ ಕೊಡು ಅಂತ ನೀನು ಒಂದು ಸಲಾನೂ ಅನ್ಲಿಲ್ವಲ್ಲ.”