ಇಪ್ಪತ್ತೊಂದನೆಯ ಉಣ್ಣಿ

ಕುರಿಗಳ ಮೈಯಿಂದ ಕಿತ್ತು ತಂದ ಉಣ್ಣಿಗಳನ್ನು ಎಣಿಸಿ ರೋಗಾಣು ಪರೀಕ್ಷೆಗೆ ಕೊಡುವುದು ಮಹೇಶ್ವರಿಯ ಕೆಲಸ. ಕುಷ್ಟಗಿಯ ಪ್ರಯೋಗಾಲಯದಲ್ಲಿ ಏಳು ವರ್ಷ ಕಳೆದರೂ ಅವಳ ಎಣಿಕೆ ತಪ್ಪಿಲ್ಲ. ಆ ದಿನ ಸೀಸೆಯಲ್ಲಿ ಇಪ್ಪತ್ತೊಂದು ಜೀವಂತ ಉಣ್ಣಿ ಬಂದಿದ್ದವು. ಬಿಳಿ ತಟ್ಟೆಯಲ್ಲಿ ಇಪ್ಪತ್ತೇ ಇದ್ದವು.

"ಎಣಿಸೂದು ತಪ್ಪಿರಬೇಕು ಬಿಡವಾ," ಎಂದರು ಹಿರಿಯ ಅಧಿಕಾರಿ ಮಾಜೀದ ಸರ್.

"ತಪ್ಪಿಲ್ರಿ. ಮೊದ್ಲ ಬಾಗಲಾ ಹಾಕ್ರಿ. ಯಾರೂ ಹೊರಗ ಹೋಗಬ್ಯಾಡ್ರಿ."

ಮೇಜು, ನೆಲ, ಕುರ್ಚಿಯ ಸಂದು ಎಲ್ಲ ಹುಡುಕಿದರು. ಕೊನೆಗೆ ನೋಡಿದರೆ ಆ ಉಣ್ಣಿ ಮಹೇಶ್ವರಿಯದೇ ಕೋಟಿನ ತೋಳಿನ ಮೇಲೆ ಕುತ್ತಿಗೆಯತ್ತ ಹರಿಯುತ್ತಿತ್ತು. ಕುರಿ ಸಾಕುವವರ ಮನೆಯಲ್ಲಿ ಬೆಳೆದವಳು. ಹಿಸುಕಲು ಬೆರಳು ತಾವಾಗಿಯೇ ಮುಂದಾದವು. ಹಿಸುಕಿದರೆ ರಕ್ತ ಕಣ್ಣಿಗೆ ಸಿಡಿದೀತು. ಚಿಮಟದಿಂದ ಎತ್ತಿ ಸೀಸೆಗೆ ಹಾಕಿದಳು.

ಸಂಜೆ ಹನುಮಸಾಗರದ ಮನೆಗೆ ಬಂದಾಗ ತಾಯಿ ಮಾರೆವ್ವ ಕುರಿಯ ಕಿವಿಯಿಂದ ಉಣ್ಣಿ ಕಿತ್ತು, ಉಗುರಿನಲ್ಲಿ ಚಟ್ಟನೆ ಹಿಸುಕಿದಳು.

"ಯವ್ವಾ, ಹಿಚಕಬ್ಯಾಡ ಅಂತ ಎಷ್ಟ್ ಸಲ ಹೇಳ್ಲಿ! ಅದರ ರಕ್ತದಾಗ ರೋಗ ಇರತೈತಿ!"

ಮಾರೆವ್ವ ಕೆಂಪಾದ ಉಗುರನ್ನು ಸೆರಗಿಗೆ ಒರೆಸಿಕೊಂಡಳು. ಅದೇ ಕೈಯಿಂದ ರೊಟ್ಟಿ ಮುರಿದು ಮಗಳ ಬಾಯಿಯ ಹತ್ತಿರ ಹಿಡಿದಳು.

"ಹಸದು ಬಂದೀದಿ. ಮೊದ್ಲ ಉಣ್ಣು."