ದಿಬ್ಬದ ಮೇಲೆ ನಿಲ್ಲುವವನ ಲೆಕ್ಕ

ನಮ್ಮ ಸಾಹೇಬರ ಕಾಲ್ಬೆರಳ ಸಂದಿಯಲ್ಲಿ ಯಾವಾಗಲೂ ಹಸಿರು ಮೆತ್ತಿಕೊಂಡಿರುತ್ತಿತ್ತು. ಬೆಳಗಿನ ಇಬ್ಬನಿ ಆರುವ ಮೊದಲೇ ಬೂಟು ಕಳಚಿಟ್ಟು, ಪ್ಯಾಂಟನ್ನು ಮೊಳಕಾಲಿನತನಕ ಮಡಚಿ, ಗಾಲ್ಫ್ ಮೈದಾನದ ಹುಲ್ಲಿನ ಮೇಲೆ ಬರಿಗಾಲಲ್ಲಿ ಒಂದು ಸುತ್ತು ಹಾಕುತ್ತಿದ್ದರು. ಆ ಕಾಲುಗಳೋ, ಬೆಳ್ಳಗೆ, ಬಹಳ ಹೊತ್ತು ನೀರಿನಲ್ಲಿದ್ದವರ ಕಾಲಿನ ಹಾಗೆ ಸುಕ್ಕುಗಟ್ಟಿದ್ದವು. ಎಲ್ಲಿ ನೀರು ಹೆಚ್ಚಾಗಿದೆ, ಎಲ್ಲಿ ಬೇರು ಕೊಳೆಯುತ್ತಿದೆ ಎಂಬುದು ಅಂಗಾಲಿಗೆ ಮೊದಲು ತಿಳಿಯುತ್ತದೆ ಎಂದು ಅವರ ವಾದ. ಆಡಲು ಬಂದ ಸದಸ್ಯರು ನೋಡಿ ನಗುತ್ತಿದ್ದರು. ಮೊದಲ ವಾರ ನಾನೂ ನಕ್ಕಿದ್ದೆ.

ಸಾಹೇಬರು ಕೃಷಿ ಇಲಾಖೆಯಿಂದ ನಿವೃತ್ತರಾದವರು. ಬೆಳಗಾವಿ ಟಿಳಕವಾಡಿಯ ಹಳೆಯ ಜೈನ ಮನೆತನ. ಸುಮ್ಮನೆ ಮನೆಯಲ್ಲಿ ಕೂರಲಾಗದೆ, ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿದ್ದ ಕ್ಲಬ್ಬೊಂದರ ಗಾಲ್ಫ್ ಮೈದಾನದ ಉಸ್ತುವಾರಿ ಒಪ್ಪಿಕೊಂಡಿದ್ದರು. ನಾನು ಖಾನಾಪುರದವಳು. ತೋಟಗಾರಿಕೆ ಡಿಪ್ಲೊಮಾ ಮುಗಿಸಿ, ಅವರ ಕೈಕೆಳಗೆ ಸಹಾಯಕಿಯ ಕೆಲಸ ಕೇಳಿಕೊಂಡು ಬಂದವಳು. ಸಂದರ್ಶನ ಅಂತ ನಡೆದದ್ದು ಒಂದೇ ಪ್ರಶ್ನೆಯಲ್ಲಿ. ಈ ಮೈದಾನ ನೋಡಿಕೊಳ್ಳಲು ಎಷ್ಟು ಜನ ಬೇಕು ಅಂತ ಕೇಳಿದರು. ನಾನು ಓದಿದ್ದನ್ನೆಲ್ಲ ನೆನಪಿಸಿಕೊಂಡು, ಎಷ್ಟು ಎಕರೆಗೆ ಎಷ್ಟು ಜನ ಎಂದು ಗಿಳಿಪಾಠ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಪುಸ್ತಕದಾಗ ಯಾರಿಗೂ ಜ್ವರಾ ಬರೂದಿಲ್ಲ ತಂಗಿ, ಸಿಡಿಲೂ ಬೀಳೂದಿಲ್ಲ" ಅಂದರು. ಮರುದಿನದಿಂದ ಕೆಲಸಕ್ಕೆ ಬಾ ಅಂತಲೂ ಅಂದರು.

ಜನ ಎಷ್ಟು ಬೇಕು ಎನ್ನುವುದು ಅವರಿಗೆ ದಿನವೂ ಮಾಡುವ ಪೂಜೆಯಂಥ ಲೆಕ್ಕವಾಗಿತ್ತು. ಹುಲ್ಲು ಕತ್ತರಿಸುವ ಯಂತ್ರ ಓಡಿಸುವವರು, ನೀರು ಬಿಡುವವರು, ಮರಳಿನ ಗುಂಡಿ ಕೆದರಿ ಸಮ ಮಾಡುವವರು, ಕಳೆ ಕೀಳುವ ಹೆಂಗಸರು. ಇಷ್ಟನ್ನೂ ಯಾರಾದರೂ ಕೂಡಿಸಬಹುದು. ಸಾಹೇಬರು ಆಮೇಲೆ ಶುರುಮಾಡುತ್ತಿದ್ದರು. ಯಾರ ತಂಗಿಯ ಮದುವೆ ಬಂದಿದೆ, ಯಾರ ಮಾವನಿಗೆ ಹುಷಾರಿಲ್ಲ, ಯಾರು ಭಾನುವಾರ ಕುಡಿದು ಸೋಮವಾರ ಬಂದರೂ ಬಾರದವರ ಲೆಕ್ಕವೇ, ಎಲ್ಲ ಅವರಿಗೆ ಗೊತ್ತು. "ಛಲೋ ದಿನಕ್ಕ ಮಂದಿ ಎಣಸಬ್ಯಾಡ. ಕೆಟ್ಟ ದಿನಕ್ಕ ಎಣಸು" ಎಂಬುದು ಅವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು. ಹಾಗೆ ಎಣಿಸಿ ಅವರು ಹಿಡಿದ ಲೆಕ್ಕ ಹದಿನೇಳು. ಕೇಳಿದವರು ಯಾರೇ ಇರಲಿ, ಹದಿನೇಳಕ್ಕಿಂತ ಒಂದು ಹೆಚ್ಚೂ ಅನ್ನುತ್ತಿರಲಿಲ್ಲ, ಒಂದು ಕಡಿಮೆಯೂ ಅನ್ನುತ್ತಿರಲಿಲ್ಲ.

ಆ ಹದಿನೇಳರಲ್ಲಿ ಒಬ್ಬ ಏನೂ ಕೆಲಸ ಮಾಡುತ್ತಿರಲಿಲ್ಲ. ಅಂದರೆ, ನೋಡಿದವರಿಗೆ ಹಾಗೆ ಕಾಣುತ್ತಿತ್ತು. ಅವನ ಹೆಸರು ಯಲ್ಲಪ್ಪ. ಯುಗಾದಿ ಕಳೆದು ಅಡ್ಡಮಳೆ ಶುರುವಾಯಿತೆಂದರೆ ಮಧ್ಯಾಹ್ನದ ಹೊತ್ತಿಗೆ ಅವನು ಮೈದಾನದ ನಡುವಿನ ದಿಬ್ಬ ಹತ್ತಿ, ಕೈಯಲ್ಲಿ ಒಂದು ಕೆಂಪು ಬಟ್ಟೆ ಹಿಡಿದು, ಆಕಾಶ ನೋಡುತ್ತ ನಿಲ್ಲುತ್ತಿದ್ದ. ಯಂತ್ರ ಓಡಿಸುವವರಿಗೆ ಅದರ ಸದ್ದಿನಲ್ಲಿ ಗುಡುಗು ಕೇಳಿಸುವುದಿಲ್ಲ. ಬಟ್ಟ ಬಯಲು, ಕೂತದ್ದು ಕಬ್ಬಿಣದ ಮೇಲೆ. ಸಾಹೇಬರು ಇಲಾಖೆಯಲ್ಲಿದ್ದಾಗ ಹೊಲಗಳಲ್ಲಿ ಸಿಡಿಲಿಗೆ ಹೋದವರ ಮನೆಗಳಿಗೆ ವರದಿ ಬರೆಯಲು ಹೋಗಿ ಬಂದವರು. ಆ ಮನೆಗಳ ಬಗ್ಗೆ ಅವರು ಮಾತಾಡುತ್ತಿರಲಿಲ್ಲ. ಮಾತಿನ ಬದಲು ಒಬ್ಬ ಮನುಷ್ಯನನ್ನು ದಿಬ್ಬದ ಮೇಲೆ ನಿಲ್ಲಿಸಿದ್ದರು.

ಅದಕ್ಕೊಂದು ಕಟ್ಟಳೆಯೂ ಇತ್ತು. ಮೋಡ ಕಟ್ಟಿದೊಡನೆ ನಿಂತವನು ಕೆಂಪು ಬಟ್ಟೆ ಬೀಸುತ್ತಾನೆ. ಎಲ್ಲರೂ ಇದ್ದ ಕೆಲಸ ಇದ್ದಲ್ಲೇ ಬಿಟ್ಟು ಶೆಡ್ಡು ಸೇರಬೇಕು. ಬಯಲಿನಲ್ಲಿ ಯಾರೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ನಿಂತವನು ಕೊನೆಯಲ್ಲಿ ಇಳಿಯುತ್ತಾನೆ. ಹಾಗೆ ಅವನು ಬಂದು ಮುಟ್ಟುವ ತನಕ ಸಾಹೇಬರು ಶೆಡ್ಡಿನ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಒಳಗೆ ಬನ್ನಿ ಸಾಹೇಬ್ರ, ತೋಯ್ಸಿಕೊಳ್ಳತೀರಿ ಅಂತ ಹೆಂಗಸರು ಕರೆದರೆ, "ಎಲ್ಲಾರನ್ನ ಯಲ್ಲಪ್ಪ ನೋಡ್ತಾನ. ಯಲ್ಲಪ್ಪನ್ನ ಯಾರು ನೋಡಬೇಕವಾ?" ಅನ್ನುತ್ತಿದ್ದರು.

ಕಠಿಣ ಮನುಷ್ಯ ಅಂತ ತಿಳಿಯಬೇಡಿ. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ನೇಮ ಅವರದು. ಸಂಜೆ ಡಬ್ಬಿ ಬಿಚ್ಚಿದರೆ ಜೋಳದ ಭಕ್ಕರಿಯ ಅರ್ಧ ಭಾಗ ನಮ್ಮ ಪಾಲು. ನನ್ನ ಹಸಿವಿನ ಬಗ್ಗೆ ಅವರಿಗೆ ಬಹಳ ತಮಾಷೆ. ಖಾನಾಪುರದ ಕಾಡಿನ ಕರಡಿ ಹಾದಿ ತಪ್ಪಿ ನಮ್ಮ ಶೆಡ್ಡಿಗೆ ಬಂದಿದೆ ಎಂದು ಯಂತ್ರ ಓಡಿಸುವ ಪರಶುರಾಮನಿಗೆ ಹೇಳುತ್ತಿದ್ದರು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಖಾನಾಪುರದಲ್ಲಿದ್ದ ನನ್ನ ಅವ್ವನಿಗೆ ಫೋನು ಮಾಡಿ, ಅಲ್ಲಿನ ಆಕಾಶದ ಸಮಾಚಾರ ಕೇಳುತ್ತಿದ್ದರು. ಅವ್ವ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಮೋಡದ ಬಣ್ಣದಿಂದ ಹಿಡಿದು ಪಕ್ಕದ ಮನೆಯ ಜಗಳದ ತನಕ ವರದಿ ಒಪ್ಪಿಸುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ.

ಆಪತ್ತು ಬಂದದ್ದು ಮೋಡದ ಕಡೆಯಿಂದಲ್ಲ, ಕ್ಲಬ್ಬಿನ ಸಭೆಯ ಕಡೆಯಿಂದ. ಪಂಪ್ ನೋಡಿಕೊಳ್ಳುತ್ತಿದ್ದ ಮುದುಕ ವಯಸ್ಸಾಯಿತೆಂದು ಕೆಲಸ ಬಿಟ್ಟ. ಕ್ಲಬ್ಬಿಗೆ ಹೊಸದಾಗಿ ಬಂದಿದ್ದ ಅಧ್ಯಕ್ಷರು ಆ ಜಾಗಕ್ಕೆ ಬೇರೆಯವರನ್ನು ತುಂಬುವುದು ಬೇಡ, ಹದಿನಾರು ಜನ ಸಾಕು ಎಂದರು. ಅವರೇನು ಕೆಟ್ಟವರಲ್ಲ. ಆಳುಗಳ ಮಕ್ಕಳ ಸಾಲಿ ಫೀಸು ಕಟ್ಟಿದವರೂ ಅವರೇ. ಆದರೆ ಆಡುತ್ತ ಆಡುತ್ತ ದಿಬ್ಬದ ಕಡೆ ಕಣ್ಣು ಹೋದಾಗಲೆಲ್ಲ ಕೈಕಟ್ಟಿ ನಿಂತ ಯಲ್ಲಪ್ಪ ಅವರಿಗೆ ಕಾಣುತ್ತಿದ್ದ. ಕಣ್ಣಿಗೆ ಬಿದ್ದ ಕಸವನ್ನು ಮರೆಯುವುದು ಕಷ್ಟ.

ಸಭೆಯಲ್ಲಿ ಅವರು ಎರಡು ದಾರಿ ಮುಂದಿಟ್ಟರು. ಕಳೆಗೆ ಔಷಧ ಹೊಡೆದು, ಕಳೆ ಕೀಳುವ ಖಾನಾಪುರದ ಹೆಂಗಸರನ್ನು ಕಡಿಮೆ ಮಾಡಿ ಪಂಪಿಗೆ ಬೇರೆಯವರನ್ನು ತನ್ನಿ, ಇಲ್ಲವೇ ಇದ್ದವರಲ್ಲೇ ಒಬ್ಬನನ್ನು ಪಂಪಿಗೆ ಹಾಕಿ. ಮಣ್ಣಿಗೆ ವಿಷ ಹೊಡೆಯುವುದು ಸಾಹೇಬರ ಜೀವಕ್ಕೆ ಒಗ್ಗದ ಮಾತು. ಬೆಳಗಿನ ರೈಲು ಹಿಡಿದು ನನ್ನ ಜೊತೆ ಬರುತ್ತಿದ್ದ ಆ ಹೆಂಗಸರನ್ನು ನಾಳೆಯಿಂದ ಬರಬೇಡಿ ಅನ್ನುವುದು ಅದಕ್ಕಿಂತ ಆಗದ ಮಾತು. ನಾನು ಹಿಂದಿನ ಕುರ್ಚಿಯಲ್ಲಿದ್ದೆ. ಸಾಹೇಬರ ಕತ್ತಿನ ಹಿಂಭಾಗ ಮಾತ್ರ ಕಾಣುತ್ತಿತ್ತು.

"ಯಲ್ಲಪ್ಪನ್ನ ಪಂಪಿಗೆ ಹಾಕೂಣ್ರಿ" ಅಂದರು. "ದಿಬ್ಬದ ಮ್ಯಾಲ ನಾ ನಿಲ್ತೀನಿ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಸಭೆಗೆ ಸಂತೋಷವಾಯಿತು. ಅಧ್ಯಕ್ಷರು ಎದ್ದು ಬಂದು ಅವರ ಕೈಕುಲುಕಿದರು. ಹೊರಗೆ ಬಂದ ಮೇಲೆ ನನಗೆ ಮನಸ್ಸಿಗೆ ಸರಿಬರಲಿಲ್ಲ. ನಿಮ್ಮ ಮೊಳಕಾಲು ನೋವು, ದಿಬ್ಬ ಹತ್ತಿಳಿಯುವುದು ಹ್ಯಾಗೆ ಎಂದು ಕೇಳಿದೆ. ಸಾಹೇಬರಿಗೆ ಕಷ್ಟದ ಲೆಕ್ಕವನ್ನು ಬಿಡಿಸಿದ ಹುಡುಗನ ಖುಷಿ. "ಅವರು ಹದಿನಾರು ಅಂದ್ರು. ನಾ ಸೇರಿದ್ರ ಹದಿನೇಳು. ನನ್ನ ಲೆಕ್ಕ ಎಲ್ಲಿ ತಪ್ಪೇತಿ, ನೀನ ಹೇಳು ನೋಡೂಣು" ಅಂದರು. ತಪ್ಪಿದ್ದು ಎಲ್ಲಿ ಎಂದು ನನಗೂ ಹೊಳೆಯಲಿಲ್ಲ. ಮೊಳಕಾಲಿನ ಬಗ್ಗೆಯೇ ಮತ್ತೆ ಏನೋ ಅಂದೆ. ಅವರು ನಕ್ಕು ಡಬ್ಬಿ ಬಿಚ್ಚಿದರು.

ಆ ವರ್ಷದ ಬೇಸಿಗೆ ಕೆಟ್ಟದಾಗಿತ್ತು. ಮೋಡ ಕಟ್ಟುವುದು, ಗಾಳಿ ನಿಲ್ಲುವುದು, ಹನಿ ಬೀಳದೆ ಚದುರುವುದು, ಇದೇ ನಡೆದಿತ್ತು. ನಾಯಿಗಳು ಮಧ್ಯಾಹ್ನವೇ ಶೆಡ್ಡಿನೊಳಗೆ ಬಂದು ಯಂತ್ರಗಳ ಕೆಳಗೆ ಮಲಗುತ್ತಿದ್ದವು. ಸಾಹೇಬರು ಊಟದ ಮೇಲೆ ಕೆಂಪು ಬಟ್ಟೆ ಹೆಗಲಿಗೆ ಹಾಕಿಕೊಂಡು ದಿಬ್ಬದ ಮೆಟ್ಟಿಲು ಒಂದೊಂದಾಗಿ, ಪ್ರತಿ ಮೆಟ್ಟಿಲಿಗೂ ಎರಡೂ ಕಾಲಿಟ್ಟು ಹತ್ತುತ್ತಿದ್ದರು. ಬಟ್ಟೆ ಬೀಸಿದಾಗ ಎಲ್ಲರೂ ಓಡಿ ಬರುತ್ತಿದ್ದೆವು. ಅವರು ಕೊನೆಗೆ, ಬಹಳ ಹೊತ್ತಿನ ಮೇಲೆ, ಉಸ್ಸೆನ್ನುತ್ತ ಬರುತ್ತಿದ್ದರು. ಬಾಗಿಲಲ್ಲಿ ಯಾರೂ ನಿಂತಿರುತ್ತಿರಲಿಲ್ಲ. ಬಾಗಿಲಲ್ಲಿ ನಿಲ್ಲುವುದು ಒಂದು ಕೆಲಸ ಅಂತ ನಮಗೆ ಯಾರಿಗೂ ಅನ್ನಿಸಿರಲೇ ಇಲ್ಲ. ಅದು ಸಾಹೇಬರ ಸ್ವಭಾವ ಎಂದುಕೊಂಡಿದ್ದೆವು.

ಅಂದು ಮಧ್ಯಾಹ್ನ ನಾನು ಯಂತ್ರದ ಬ್ಲೇಡುಗಳಿಗೆ ಸಾಣೆ ಹಿಡಿಸಲು ಬೆಳಗಾವಿಯ ಆಟೋ ನಗರಕ್ಕೆ ಹೋಗಿದ್ದೆ. ಬಿಸಿಲಿತ್ತು, ಆದರೆ ಬಿಸಿಲಿನ ಬಣ್ಣ ಸರಿಯಿರಲಿಲ್ಲ. ಅವ್ವನ ಫೋನು ಬಂತು. ಖಾನಾಪುರದಲ್ಲಿ ಆಣೆಕಲ್ಲು ಬೀಳುತ್ತಿದೆ, ಹಗಲೇ ದೀಪ ಹಚ್ಚಿದ್ದೇನೆ, ನಿಮ್ಮ ಸಾಹೇಬರಿಗೂ ಈಗಷ್ಟೇ ಹೇಳಿದೆ ಅಂದಳು. ನಾನು ಬ್ಲೇಡುಗಳನ್ನು ಅಲ್ಲೇ ಬಿಟ್ಟು ಗಾಡಿ ಹತ್ತಿದೆ. ಊರು ದಾಟುವಷ್ಟರಲ್ಲಿ ಮಳೆ ಎದುರಾಯಿತು. ದಕ್ಷಿಣದ ಆಕಾಶ ಸುಟ್ಟ ತವೆಯಂತೆ ಕಪ್ಪಾಗಿತ್ತು.

ಆಮೇಲೆ ಪರಶುರಾಮ ಹೇಳಿದ್ದನ್ನು ಕೇಳಿ ನಾನು ಜೋಡಿಸಿಕೊಂಡದ್ದು ಇಷ್ಟು. ಅವ್ವನ ಮಾತು ಕೇಳಿದ ಕೂಡಲೇ ಸಾಹೇಬರು ಬಟ್ಟೆ ಬೀಸಿದ್ದಾರೆ, ಎಂದಿಗಿಂತ ಬೇಗನೇ. ಎಲ್ಲರೂ ಶೆಡ್ಡಿನ ಕಡೆ ಹೊರಟಿದ್ದಾರೆ. ಪರಶುರಾಮ ಮಾತ್ರ ದೂರದ ಮೂಲೆಯಲ್ಲಿದ್ದ. ಯಂತ್ರದ ಬೆಲ್ಟು ಜಾರಿತ್ತು. ಒಮ್ಮೆ ಆರಿಸಿದರೆ ಮತ್ತೆ ಬೇಗ ಶುರುವಾಗದ ಎಂಜಿನ್ ಅದು, ಹಾಗಾಗಿ ಆರಿಸದೇ ಬಗ್ಗಿ ನೋಡುತ್ತ ಕೂತಿದ್ದ. ತಲೆ ಎತ್ತಿದಾಗ ಮೈದಾನದಲ್ಲಿ ಯಾರೂ ಇರಲಿಲ್ಲ. ದಿಬ್ಬದ ಮೇಲೆ ಸಾಹೇಬರು ಒಬ್ಬರೇ ಎರಡೂ ಕೈಯಲ್ಲಿ ಬಟ್ಟೆ ಬೀಸುತ್ತಿದ್ದರು. ಎಷ್ಟು ಹೊತ್ತಿನಿಂದ ಬೀಸುತ್ತಿದ್ದರೋ. ಅವನು ಯಂತ್ರ ಬಿಟ್ಟು ಓಡಿದ. ಅವನು ಓಡುವುದನ್ನು ನೋಡಿ ಸಾಹೇಬರು ಕೈ ಇಳಿಸಿ ಮೆಟ್ಟಿಲ ಕಡೆ ತಿರುಗಿದರಂತೆ.

ನಾನು ಶೆಡ್ಡು ಮುಟ್ಟಿದಾಗ ಬಾಗಿಲು ಮುಚ್ಚಿತ್ತು. ಒಳಗೆ ಚಹಾ ಕುದಿಯುತ್ತಿತ್ತು. ಹೆಂಗಸರು ಸೆರಗಿನಿಂದ ತಲೆ ಒರೆಸಿಕೊಳ್ಳುತ್ತಿದ್ದರು. ಸ್ವಲ್ಪ ಮೊದಲು ಬಿದ್ದ ಸಿಡಿಲಿನ ಮಾತೇ ಎಲ್ಲರ ಬಾಯಲ್ಲೂ. ಕಿವಿ ಇನ್ನೂ ಗುಂಯ್ ಅನ್ನುತ್ತಿದೆ, ಪುಣ್ಯಕ್ಕೆ ಹೊರಗೆ ಯಾರೂ ಇರಲಿಲ್ಲ ಎನ್ನುತ್ತಿದ್ದರು. ಹಿರಿಯಳೊಬ್ಬಳು ನನಗೂ ಚಹಾ ಬಗ್ಗಿಸುತ್ತ, "ಪರಶ್ಯಾ ಕಡೀಕ ಬಂದ. ಎಲ್ಲಾರೂ ಬಂದಂಗಾತವಾ, ನೀ ಕುಂದರು" ಅಂದಳು.

"ಸಾಹೇಬ್ರೆಲ್ಲಿ?" ಎಂದೆ.

ಶೆಡ್ಡಿನಲ್ಲಿದ್ದವರು ಅವರು ಆಫೀಸಿಗೆ ಹೋಗಿರಬೇಕು ಎಂದುಕೊಂಡಿದ್ದರು. ಆಫೀಸಿನವರು ಶೆಡ್ಡಿನಲ್ಲಿದ್ದಾರೆ ಎಂದುಕೊಂಡಿದ್ದರು. ಪಂಪಿನ ಮನೆಯಿಂದ ಬಂದಿದ್ದ ಯಲ್ಲಪ್ಪ ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಚಹಾದ ಕಪ್ಪು ನೆಲದ ಮೇಲಿಟ್ಟು, ಬಾಗಿಲು ದೂಡಿಕೊಂಡು ಮಳೆಯಲ್ಲಿ ಓಡಿದ. ಅವನ ಹಿಂದೆ ನಾವೆಲ್ಲ ಓಡಿದೆವು.

ದಿಬ್ಬದ ಬುಡದಲ್ಲಿ, ಕೊನೆಯ ಮೆಟ್ಟಿಲು ದಾಟಿ, ಅವರು ಮಗ್ಗುಲಾಗಿ ಬಿದ್ದಿದ್ದರು. ಇನ್ನೇನು ಬಂದೇ ಬಿಟ್ಟಿದ್ದರು. ಆಸ್ಪತ್ರೆಗೆ ಒಯ್ದೆವು. ಅಲ್ಲಿ ಡಾಕ್ಟರು ಯಾವಾಗ ಬಿದ್ದರು ಎಂದು ಕೇಳಿದರು. ಯಾರಿಗೂ ಹೇಳಲಾಗಲಿಲ್ಲ. ಸಿಡಿಲು ಬಡಿದವರಿಗೆ ಕೂಡಲೇ ಎದೆ ಒತ್ತಿ ಉಸಿರು ಕೊಟ್ಟಿದ್ದರೆ ಒಮ್ಮೊಮ್ಮೆ ಜೀವ ತಿರುಗುತ್ತದೆ ಅಂತ ಆ ಡಾಕ್ಟರು ತಮ್ಮಷ್ಟಕ್ಕೆ ಎಂಬಂತೆ ಅಂದರು. ಅದನ್ನು ಕೇಳಿದ್ದು ನಾನು ಮತ್ತು ಯಲ್ಲಪ್ಪ. ಸಾಹೇಬರ ಮನೆಯವರಿಗೆ ಈ ಮಾತನ್ನು ಇವತ್ತಿನವರೆಗೂ ಹೇಳಿಲ್ಲ.

ಟಿಳಕವಾಡಿಯ ಮನೆಗೆ ಹೋದಾಗ ಕಾಕು, ಅಂದರೆ ಸಾಹೇಬರ ಹೆಂಡತಿ, ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಕೇಳಿದ್ದು ಒಂದೇ. ಮಂದಿ ಎಲ್ಲ ಸುಖರೂಪ ಇದ್ದಾರೇನು ಎಂದು. ಇದ್ದಾರೆ ಎಂದೆ. "ಹಂಗಾದ್ರ ಅವರ ಲೆಕ್ಕ ಬರೋಬರಿ ಆತು" ಅಂದರು. ನನಗೆ ಅಲ್ಲಿ ಕೂರಲಾಗಲಿಲ್ಲ. ಹೊರಗೆ ಬಂದು ಗಾಡಿಯ ಪಕ್ಕ ನಿಂತು ಅತ್ತೆ.

ಬರೋಬರಿ ಆಗಿರಲಿಲ್ಲ. ಸಾಹೇಬರ ಮೇಲೆ ನನಗೆ ಪ್ರೀತಿ ಎಷ್ಟಿದೆಯೋ ಸಿಟ್ಟೂ ಅಷ್ಟೇ ಇದೆ. ಹುಲ್ಲು, ನೀರು, ಜನ, ಆಕಾಶ, ನನಗೆ ಗೊತ್ತಿರುವುದೆಲ್ಲ ಅವರು ಕಲಿಸಿದ್ದು. ಯಾರನ್ನೂ ಮನೆಗೆ ಕಳಿಸಬಾರದೆಂಬ ಒಳ್ಳೆಯತನದಲ್ಲಿ ಅವರು ತಮ್ಮನ್ನೇ ತಂದು ಲೆಕ್ಕದೊಳಗೆ ಕೂಡಿಸಿದರು. ಹಾಗೆ ಕೂಡಿಸಿದಾಗ ಬಾಗಿಲಲ್ಲಿ ನಿಲ್ಲುವ ಒಬ್ಬ ಮನುಷ್ಯ ಕಳೆದುಹೋದ. ಎಲ್ಲರ ಜೀವಕ್ಕೂ ಒಬ್ಬ ಕಾವಲಿದ್ದ, ಕಾವಲಿನವನಿಗೆ ಯಾರೂ ಇರಲಿಲ್ಲ. ಅಷ್ಟು ಎಣಿಸಿ ಎಣಿಸಿ ಬದುಕಿದ ಮನುಷ್ಯ ಇಷ್ಟು ಸಣ್ಣದನ್ನು ಹ್ಯಾಗೆ ಮರೆತರು ಎಂದು ಈಗಲೂ ಒಬ್ಬಳೇ ಇದ್ದಾಗ ಅವರೊಂದಿಗೆ ಜಗಳ ಆಡುತ್ತೇನೆ. ಅವ್ವ ಮಾತ್ರ ಮಧ್ಯಾಹ್ನ ಮೋಡ ಕಂಡರೆ ಫೋನಿನ ಹತ್ತಿರ ಕೂರುತ್ತಾಳೆ. ನಾನೇ ಮಾಡುತ್ತೇನೆ ಈಗ.

ಹದಿನೈದು ದಿನ ಕಳೆದ ಮೇಲೆ ಅಧ್ಯಕ್ಷರು ನನ್ನನ್ನು ಸಭೆಗೆ ಕರೆಸಿದರು. ಅವರು ಇಳಿದುಹೋಗಿದ್ದರು, ಗಡ್ಡ ಬಿಟ್ಟಿದ್ದರು. ಉಸ್ತುವಾರಿಯನ್ನು ನನಗೇ ವಹಿಸುವುದೆಂದು ಎಲ್ಲರೂ ಒಪ್ಪಿದ್ದಾರೆ ಅಂದರು. ಆಮೇಲೆ, ದಿಬ್ಬದ ಮೇಲೆ ಯಾರಾದರೂ ನಿಲ್ಲಲೇಬೇಕು, ಅದರಲ್ಲಿ ಎರಡು ಮಾತಿಲ್ಲ ಅಂದರು. ಕಿಟಕಿಯ ಆಚೆ ಅಂದೂ ಮೋಡ ಕಟ್ಟುತ್ತಿತ್ತು. ಹಾಗಾದರೆ ಒಟ್ಟು ಎಷ್ಟು ಜನ ಬೇಕಾಗುತ್ತದೆ, ಸಾಹೇಬರು ಹೇಳುತ್ತಿದ್ದ ಹದಿನೇಳೇ ತಾನೆ, ನಿಮ್ಮನ್ನೂ ಸೇರಿಸಿ ಎಂದು ಮೆಲ್ಲಗೆ ಕೇಳಿದರು.

"ಹದಿನೇಳ್ರಿ" ಎಂದೆ. "ಅದರಾಗ ನನ್ನ ಹಿಡೀಬ್ಯಾಡ್ರಿ."