ಎದುರು ಬ್ಯಾಂಕಿನವರು ಕೊಟ್ಟ ಬೆಲ್ಲ

“ಬೇಡ, ಬಾಯಾರಿಕೆ ಇಲ್ಲ” ಎಂದು ನಾನು ಬೆಲ್ಲ-ನೀರಿನ ತಟ್ಟೆಯನ್ನು ಸರಿಸಿದ್ದೇ ತಡ, ಪತ್ರಿಕೆಯ ಸುದ್ದಿಗಾರ ಶೆಟ್ಟರ ಮುಖ ಬಿಗಿದುಕೊಂಡಿತು. ಅದು ಅರವತ್ತರ ದಶಕ. ಬ್ಯಾಂಕೊಂದರ ಪ್ರಚಾರ ವಿಭಾಗಕ್ಕೆ ಆಗಷ್ಟೇ ಸೇರಿದ್ದ ನಾನು ಮೈಸೂರಿನ ಕಡೆಯವನು. ಕುಂದಾಪುರದ ನಮ್ಮ ಹೊಸ ಶಾಖೆಯ ಸುದ್ದಿ ಅಚ್ಚಾಗದಿದ್ದರೆ ನನ್ನ ಕೆಲಸ ಕಾಯಂ ಆಗುವುದೇ ಅನುಮಾನವಿತ್ತು. ಅದಕ್ಕೇ ಹತ್ತಿರದ ಬೀಜಾಡಿ ಊರಿನಲ್ಲಿದ್ದ ಶೆಟ್ಟರ ಮನೆಗೆ ಹೋಗಿದ್ದೆ.

“ಪೇಪರಂಗೆ ಜಾಗ ಇಲ್ಲೆ” ಎಂದರು ಶೆಟ್ಟರು.

ತಮ್ಮ ಬ್ಯಾಂಕಿನ ಸುದ್ದಿ ಕೊಡಲು ನನಗಿಂತ ಮೊದಲೇ ಬಂದು ಜಗಲಿಯಲ್ಲಿ ಕುಳಿತಿದ್ದವರು, ನಮಗೆ ಪೈಪೋಟಿಯಾಗಿದ್ದ ಎದುರು ಬ್ಯಾಂಕಿನ ಹಿರಿಯ ಪ್ರಚಾರಾಧಿಕಾರಿ ಕಾಮತರು. ಅವರು ಎದ್ದು ಬಂದು ಬೆಲ್ಲದ ತುಂಡನ್ನು ನನ್ನ ಅಂಗೈಗಿಟ್ಟರು. “ಮೊದ್ಲ್ ಇದನ್ ತಿನ್ನಿ. ಇಲ್ಲಿ ಮನಿಗ್ ಬಂದ್ರ್ ಬೆಲ್ಲ-ನೀರ್ ಬ್ಯಾಡ ಅಂಬುಕಾಗ, ಮನಿಯೋರಿಗ್ ಬೇಜಾರ್ ಆತ್ತ್.” ಆಮೇಲೆ ಶೆಟ್ಟರತ್ತ ತಿರುಗಿ, ತಮ್ಮದೇ ಹುಡುಗನನ್ನು ಪರಿಚಯಿಸುವಂತೆ ಹೇಳಿದರು. “ಶೆಟ್ರೆ, ಇವ್ರ್ ನಮ್ ಮಾಣಿ. ಇವ್ರದ್ದ್ ನಾಳಿಗ್ ಹಾಕಿ, ನಮ್ದ್ ಮುಂದಿನ್ ವಾರ ಆದ್ರೂ ಅಡ್ಡಿಲ್ಲೆ.”

ಸುದ್ದಿ ಬಂತು, ಕೆಲಸ ಉಳಿಯಿತು. ಮುಂದೆ ನಾವಿಬ್ಬರೂ ನಮ್ಮ ನಮ್ಮ ಬ್ಯಾಂಕಿಗೆ ಠೇವಣಿ ಕೇಳಿಕೊಂಡು ಅವವೇ ಮನೆಗಳ ಮೆಟ್ಟಿಲು ಹತ್ತಿದೆವು. ಎಷ್ಟೋ ಮನೆಗಳಲ್ಲಿ ನಾನು ಹೆಸರು ಹೇಳುವ ಮೊದಲೇ ತಟ್ಟೆ ಬರುತ್ತಿತ್ತು. ಕಾಮತರು ಮೊದಲೇ ಹೇಳಿಹೋಗಿರುತ್ತಿದ್ದರು: “ನಮ್ ಮಾಣಿ ಬತ್ತ, ಬೆಲ್ಲ ಕೊಡಿ.”